ಸಾಫ್ಟ್‌ಬಾಲ್ ಹುಡುಗಿಯರಿಗೆ ಯಾವ ‘ನ್ಯಾಷನಲ್’? ಶಾಲಾ ಕ್ರೀಡಾಕೂಟದ್ದೋ, ಸಂಸ್ಥೆಯದ್ದೋ?

ಕುಮಟಾ_ಪಿಇಟಿ (ಪ್ರಶ್ನೆ)

ನಮ್ಮ ಪ್ರೌಢಶಾಲೆಯಲ್ಲಿ 14 ಹುಡುಗಿಯರ ಸಾಫ್ಟ್‌ಬಾಲ್ ತಂಡವಿದೆ. ಎಂಟು ಮಂದಿ 14 ವರ್ಷದೊಳಗಿನವರು, ಆರು ಮಂದಿ 17ರೊಳಗಿನವರು. ಪಿಚಿಂಗ್ (ಬ್ಯಾಟರ್‌ಗೆ ಚೆಂಡು ಎಸೆಯುವುದು) ಬಲ್ಲವರು ಇಬ್ಬರು, ಅವರಲ್ಲಿ ಒಬ್ಬಳಿಗೆ ಮಾತ್ರ ಏಳು ಇನಿಂಗ್ಸ್ ಎಸೆಯುವ ಶಕ್ತಿ ಇದೆ.

ಪಾಲಕರು ಎರಡು ಹೆಸರು ಹೇಳುತ್ತಾರೆ. ಒಂದು ಸ್ಕೂಲ್ ಗೇಮ್ಸ್ ಫೆಡರೇಶನ್ ನಡೆಸುವ ಶಾಲಾ ರಾಷ್ಟ್ರೀಯ, ಇನ್ನೊಂದು ಸಾಫ್ಟ್‌ಬಾಲ್ ಸಂಸ್ಥೆಯ ಸಬ್ ಜೂನಿಯರ್ ಮತ್ತು ಜೂನಿಯರ್ ರಾಷ್ಟ್ರೀಯ. ಒಬ್ಬ ಪಾಲಕರ ತಂಗಿ ಅಮೆರಿಕದಲ್ಲಿದ್ದಾರೆ. ಅಲ್ಲಿ ಕ್ಲಬ್ ತಂಡವೇ ನೇರವಾಗಿ ನ್ಯಾಷನಲ್ಸ್‌ಗೆ ಹೋಗುತ್ತದಂತೆ, ಇಲ್ಲಿ ಯಾಕಿಲ್ಲ ಎಂದು ಅವರ ಪ್ರಶ್ನೆ.

ನನಗೆ ಬೇಕಾದದ್ದು: ಇವುಗಳ ನಡುವೆ ನಿಜವಾದ ವ್ಯತ್ಯಾಸ ಏನು, ಸರ್ಟಿಫಿಕೇಟಿನ ಬೆಲೆ ಎಲ್ಲಿ ಎಷ್ಟು, ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರಾಗಿರುವ ನಮ್ಮ ಕಡೆ ತಯಾರಿಯನ್ನು ಹೇಗೆ ಹೊಂದಿಸಬೇಕು.

ಸದಾಶಿವಗಡ_ಅಂಪೈರ್

ಅಕ್ಕೋರೆ, ಮೊದಲು ಪಾಲಕರಿಗೆ ಒಂದು ವಿಷಯ ಬಿಡಿಸಿ ಹೇಳಿ. ಇಲ್ಲಿಯ ಎರಡೂ ದಾರಿಯಲ್ಲಿ ರಾಷ್ಟ್ರೀಯ ಮಟ್ಟಕ್ಕೆ ನಿಮ್ಮ ಶಾಲೆಯ ತಂಡ ಹೋಗುವುದಿಲ್ಲ, ಕರ್ನಾಟಕ ತಂಡ ಹೋಗುತ್ತದೆ. ನಿಮ್ಮ ಹುಡುಗಿಯರಲ್ಲಿ ಒಬ್ಬಳೋ ಇಬ್ಬರೋ ಆ ಪಟ್ಟಿಯಲ್ಲಿ ಇರಬಹುದು. ಆದ್ದರಿಂದ ತಂಡ ಗೆಲ್ಲುವುದೂ ಹುಡುಗಿ ಆಯ್ಕೆಯಾಗುವುದೂ ಎರಡು ಬೇರೆ ಲೆಕ್ಕ. ರಾಜ್ಯಮಟ್ಟದಲ್ಲಿ ನಿಮ್ಮ ತಂಡ ಸೋತರೂ ಆಯ್ಕೆದಾರರ ಕಣ್ಣಿಗೆ ಒಳ್ಳೆಯ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವಳು) ಬಿದ್ದೇ ಬೀಳುತ್ತಾಳೆ, ಯಾಕೆಂದರೆ ಕ್ಯಾಚರ್ ಎಲ್ಲ ಕಡೆಯೂ ಕಮ್ಮಿ.

ಶಾಲಾ ದಾರಿ ಶಿಕ್ಷಣ ಇಲಾಖೆಯದ್ದು. 14, 17, 19 ಎಂದು ಮೂರು ವಯೋಗುಂಪು, ವಯಸ್ಸಿನ ಲೆಕ್ಕ ಡಿಸೆಂಬರ್ 31ಕ್ಕೆ. 2024–25ರ ಸಾಲಿನಲ್ಲಿ 14ರೊಳಗಿನವರು ಎಂದರೆ 2011ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರು. ಜನವರಿ, ಫೆಬ್ರುವರಿಯಲ್ಲಿ ಹುಟ್ಟಿದ ಹುಡುಗಿಗೆ ತನ್ನ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದು ವರ್ಷದ ಲಾಭ. ಹಾಜರಿ ಪುಸ್ತಕ ತೆಗೆದು ಹುಟ್ಟಿದ ತಿಂಗಳ ಪ್ರಕಾರ ಒಂದು ಪಟ್ಟಿ ಮಾಡಿ. ಯಾರಿಗೆ ಈ ವರ್ಷವೇ ಕೊನೆ, ಯಾರಿಗೆ ಇನ್ನೊಂದು ವರ್ಷ ಉಳಿದಿದೆ ಎಂದು ಅಲ್ಲೇ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಗೆ ಇನ್ನೊಂದು ವಿಶೇಷ. ಶಿಕ್ಷಣ ಇಲಾಖೆಗೆ ಉತ್ತರ ಕನ್ನಡ ಎಂದರೆ ಎರಡು ಜಿಲ್ಲೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಬ್ಬ ಡಿಡಿಪಿಐ (ಇಲಾಖೆಯ ಜಿಲ್ಲಾ ಉಪನಿರ್ದೇಶಕರು) ಕೆಳಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೋಯಿಡಾ ಇನ್ನೊಬ್ಬರ ಕೆಳಗೆ. ಸಂಸ್ಥೆಯ ದಾರಿಯಲ್ಲಿ ಮಾತ್ರ ಇಡೀ ಕಂದಾಯ ಜಿಲ್ಲೆಗೆ ಒಂದೇ ತಂಡ. ಅಂದರೆ ಶಾಲಾ ಕೂಟದಲ್ಲಿ ನಿಮ್ಮ ಎದುರಾಳಿಯಾಗಿದ್ದ ಶಿರಸಿಯ ಪಿಚರ್ ಅಲ್ಲಿ ನಿಮ್ಮ ಕ್ಯಾಚರಿಗೇ ಎಸೆಯಬೇಕಾಗುತ್ತದೆ. ಈ ಜೋಡಿ ಮೊದಲೇ ನಾಲ್ಕು ದಿನ ಒಟ್ಟಿಗೆ ಅಭ್ಯಾಸ ಮಾಡಿರದಿದ್ದರೆ ಪಾಸ್ಡ್ ಬಾಲ್‌ನಿಂದಲೇ (ಕ್ಯಾಚರ್ ಕೈತಪ್ಪಿದ ಚೆಂಡು) ರನ್ ಹೋಗುತ್ತವೆ.

ಸರ್ಟಿಫಿಕೇಟ್ ವಿಷಯ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಯ ಆಟಗಳ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಇದೆ. ಅಲ್ಲಿ ರಾಜ್ಯವನ್ನು ಪ್ರತಿನಿಧಿಸಿ ಸಂಸ್ಥೆಯ ರಾಷ್ಟ್ರೀಯ ಆಡಿದವರಿಗೆ ಫಾರ್ಮ್ 2 ಎಂಬ ಪ್ರಮಾಣಪತ್ರದ ನಮೂನೆ, ಶಾಲಾ ರಾಷ್ಟ್ರೀಯ ಆಡಿದವರಿಗೆ ಫಾರ್ಮ್ 4. ಫಾರ್ಮ್ 2ಕ್ಕೆ ಸಂಸ್ಥೆಯ ಕಾರ್ಯದರ್ಶಿಯ ಸಹಿ, ಫಾರ್ಮ್ 4ಕ್ಕೆ ಸಾರ್ವಜನಿಕ ಶಿಕ್ಷಣ ಇಲಾಖೆಯ ನಿರ್ದೇಶಕರ ಹಂತದ ಅಧಿಕಾರಿಯ ಸಹಿ. ಎರಡಕ್ಕೂ ಅರ್ಹತೆ ಇದೆ, ಆದರೆ ಆದ್ಯತೆಯ ಕ್ರಮದಲ್ಲಿ ಸಂಸ್ಥೆಯ ರಾಷ್ಟ್ರೀಯ ಮೇಲೆ. ಕೂಟ ಮುಗಿದ ವರ್ಷವೇ ಈ ಫಾರ್ಮ್ ಮಾಡಿಸಿ ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಹಳೆಯ ದಾಖಲೆ ಹುಡುಕಿಸುವುದು ಬಹಳ ಕಷ್ಟ.

ದಾಖಲೆಯಲ್ಲಿ ನಮ್ಮ ಕಡೆಯ ಮಕ್ಕಳು ಸಿಕ್ಕಿಬೀಳುವುದು ಹೆಸರಿನಲ್ಲಿ. ಆಧಾರ್‌ನಲ್ಲಿ ‘ನಾಯ್ಕ’, ಜನನ ಪ್ರಮಾಣಪತ್ರದಲ್ಲಿ ‘ನಾಯಕ’, ಶಾಲೆಯ ಎಸ್‌ಎಟಿಎಸ್ ವಿದ್ಯಾರ್ಥಿ ದಾಖಲೆಯಲ್ಲಿ ಅಡ್ಡಹೆಸರೇ ಇಲ್ಲ. ಇಂಗ್ಲಿಷಿನಲ್ಲಿ ಬರೆದಾಗ ಒಂದರಲ್ಲಿ ‘ಐ’, ಇನ್ನೊಂದರಲ್ಲಿ ‘ವೈ’. ಗೌಡ, ಹರಿಕಂತ್ರ, ಅಂಬಿಗ ಎಲ್ಲದಕ್ಕೂ ಇದೇ ಪಾಡು. ಪರಿಶೀಲನೆಯ ಮೇಜಿನ ಎದುರು ನಿಂತಾಗ ಇದನ್ನು ಸರಿಮಾಡಲು ಸಾಧ್ಯವೇ ಇಲ್ಲ. ಜೂನ್‌ನಲ್ಲೇ ಮೂರೂ ದಾಖಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಮೊದಲು ಜನನ ಪ್ರಮಾಣಪತ್ರ ಸರಿಯಾಗಲಿ, ಅದಕ್ಕೆ ತಕ್ಕಂತೆ ಉಳಿದದ್ದು.

ಅಂಕೋಲಾದವ_ಈಗ_ಕ್ಯಾಲಿಫೋರ್ನಿಯಾ

ಅಮೆರಿಕದ ಪ್ರಶ್ನೆಗೆ ನಾನು ಹೇಳುತ್ತೇನೆ. ಇಲ್ಲಿ ‘ಟ್ರಾವೆಲ್ ಬಾಲ್’ ಎಂದರೆ ಶಾಲೆಗೆ ಸಂಬಂಧವಿಲ್ಲದ ಕ್ಲಬ್ ತಂಡ. ಗುಂಪುಗಳು 10, 12, 14, 16, 18. ‘ನ್ಯಾಷನಲ್ಸ್’ ಎಂಬ ಹೆಸರಿನ ಕೂಟ ಒಂದೇ ಅಲ್ಲ, ಬೇರೆ ಬೇರೆ ಸಂಘಟನೆಗಳು ತಂತಮ್ಮ ನ್ಯಾಷನಲ್ಸ್ ನಡೆಸುತ್ತವೆ. ಆದ್ದರಿಂದ ‘ನ್ಯಾಷನಲ್ ಚಾಂಪಿಯನ್’ ಎಂದು ಯಾರಾದರೂ ಹೇಳಿದರೆ ಯಾರ ನ್ಯಾಷನಲ್, ಯಾವ ದರ್ಜೆ ಎಂದು ಕೇಳಲೇಬೇಕು.

ಹಳೆಯದು ಯುಎಸ್‌ಎ ಸಾಫ್ಟ್‌ಬಾಲ್. 1933ರಲ್ಲಿ ಅಮೆಚೂರ್ ಸಾಫ್ಟ್‌ಬಾಲ್ ಅಸೋಸಿಯೇಶನ್ ಎಂದು ಹುಟ್ಟಿ 2017ರಲ್ಲಿ ಹೆಸರು ಬದಲಿಸಿಕೊಂಡಿತು, ಕಚೇರಿ ಓಕ್ಲಹೋಮಾ ಸಿಟಿಯಲ್ಲಿ. ದೇಶದ ತಂಡವನ್ನು ಆರಿಸುವುದೂ ಇದೇ. ಅರ್ಹತಾ ಕೂಟ ಆಡಿ ಜಾಗ ಗಳಿಸಬೇಕು. ಎ, ಬಿ ಎಂದು ದರ್ಜೆ ಇರುವುದರಿಂದ ಸಾಧಾರಣ ತಂಡಕ್ಕೂ ತನಗೆ ಸಮನಾದ ಎದುರಾಳಿ ಸಿಗುತ್ತದೆ. ಎರಡನೆಯದು ಪ್ರೀಮಿಯರ್ ಗರ್ಲ್ಸ್ ಫಾಸ್ಟ್‌ಪಿಚ್, ಎಲ್ಲರ ಬಾಯಲ್ಲಿ ಪಿಜಿಎಫ್. ಇದರ ದೊಡ್ಡ ಹುಡುಗಿಯರ ಕೂಟಕ್ಕೆ ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್ ಹೆಸರುವಾಸಿ. ಮೇಲಿನ ದರ್ಜೆ ಪ್ರೀಮಿಯರ್, ಅದರ ಕೆಳಗೆ ಪ್ಲಾಟಿನಂ. ಕಾಲೇಜು ಕೋಚ್‌ಗಳು ಇಲ್ಲಿ ಸಾಲಾಗಿ ಕುಳಿತಿರುತ್ತಾರೆ. ಅಲಯನ್ಸ್ ಫಾಸ್ಟ್‌ಪಿಚ್ ಈಚಿನದು, ಪ್ರಾದೇಶಿಕ ಲೀಗ್‌ಗಳ ಮೂಲಕ ಅರ್ಹತೆ. ಯುಎಸ್‌ಎಸ್‌ಎಸ್‌ಎ ಎಂಬ ಇನ್ನೊಂದು ಸಂಘಟನೆ ಎ, ಬಿ, ಸಿ ದರ್ಜೆಯಲ್ಲಿ ಬಹಳ ಕೂಟ ನಡೆಸುತ್ತದೆ. ಮನೆಗೆ ಹತ್ತಿರ ಹೆಚ್ಚು ಪಂದ್ಯ ಬೇಕಾದವರಿಗೆ ಅದು ಅನುಕೂಲ.

ಯಾವುದು ‘ಒಳ್ಳೆಯದು’ ಎನ್ನುವುದು ವಯಸ್ಸಿನ ಮೇಲೆ ಹೋಗುತ್ತದೆ. ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ 1ರ ಕೋಚ್‌ಗಳು ಹುಡುಗಿಯ ಜೊತೆ ಮಾತುಕತೆ ಶುರುಮಾಡಬಹುದಾದದ್ದು ಅವಳ 11ನೇ ತರಗತಿಯ ಸೆಪ್ಟೆಂಬರ್ 1ರಿಂದ. ಹಾಗಾಗಿ 16 ಮತ್ತು 18ರ ಗುಂಪಿನಲ್ಲಿ ಕೋಚ್‌ಗಳು ಬರುವ ಕೂಟಕ್ಕೆ ಬೆಲೆ. 10, 12ರ ಹುಡುಗಿಯನ್ನು ದೇಶದ ಆ ಮೂಲೆಗೆ ಕರೆದೊಯ್ದು ಎರಡು ಸೋಲು ತಿನ್ನಿಸಿ ವಾಪಸು ತರುವುದರಲ್ಲಿ ಅರ್ಥವಿಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಖರ್ಚು ಪೂರ್ತಿ ಮನೆಯವರದ್ದೇ. ಪ್ರವೇಶ ಶುಲ್ಕ ಒಂದು ಕಡೆಯಾದರೆ, ಎಷ್ಟೋ ಕೂಟಗಳಲ್ಲಿ ಸಂಘಟಕರು ಹೇಳಿದ ಹೋಟೆಲಿನಲ್ಲೇ ಉಳಿಯಬೇಕೆಂಬ ಕರಾರು ಇನ್ನೊಂದು ಕಡೆ.

ಬ್ಯಾಟಿನ ಮೇಲಿನ ಮಾನ್ಯತಾ ಮುದ್ರೆಯೂ ಇಲ್ಲಿ ಜಗಳದ ವಿಷಯ. ಯುಎಸ್‌ಎ ಸಾಫ್ಟ್‌ಬಾಲ್ ಮುದ್ರೆ ಬೇರೆ, ಯುಎಸ್‌ಎಸ್‌ಎಸ್‌ಎ ಮುದ್ರೆ ಬೇರೆ. ಒಂದೇ ಮುದ್ರೆಯ ಬ್ಯಾಟ್ ಇನ್ನೊಂದು ಕೂಟದಲ್ಲಿ ತಪಾಸಣೆಗೇ ನಿಲ್ಲದೆ ಹೋಗಬಹುದು. ಊರಿಗೆ ಬರುವ ನೆಂಟರ ಹತ್ತಿರ ಬ್ಯಾಟ್ ತರಿಸುವವರು ‘ಫಾಸ್ಟ್‌ಪಿಚ್’ (ವೇಗದ ಎಸೆತದ ಆಟ) ಎಂದು ಬರೆದಿರುವುದನ್ನೇ ತರಿಸಿ. ಸ್ಲೋಪಿಚ್ (ನಿಧಾನ ಎಸೆತದ ಆಟ) ಬ್ಯಾಟ್ ನೋಡಲು ಹಾಗೇ ಇರುತ್ತದೆ, ತೂಕದ ಹಂಚಿಕೆ ಬೇರೆ. ಚೆಂಡಿಗೂ ಇದೇ ಮಾತು: 12 ಇಂಚಿನ ಸುತ್ತಳತೆ, ಮೇಲೆ ‘.47’ ಮತ್ತು ‘375’ ಅಂಕೆ ಇದ್ದರೆ ಫಾಸ್ಟ್‌ಪಿಚ್ ಚೆಂಡು. 11 ಇಂಚಿನದು ಹತ್ತರೊಳಗಿನ ಮಕ್ಕಳದ್ದು.

ಶಿರಸಿ_ಡೈಮಂಡ್

ಮೇಲಿನವರು ದಾರಿ ಹೇಳಿದರು, ನಾನು ಆಟದೊಳಗಿನ ವ್ಯತ್ಯಾಸ ಹೇಳುತ್ತೇನೆ. ಕೂಟದ ಮಾದರಿ ನೋಡದೆ ತಂಡ ಕಟ್ಟಿದರೆ ಮೊದಲು ಸೋಲುವುದು ಪಿಚರ್‌ನ ಭುಜ.

ಅಮೆರಿಕದ ಕೂಟಗಳಲ್ಲಿ ಸಾಮಾನ್ಯವಾಗಿ ಗುಂಪಿನ ಪಂದ್ಯಗಳ ನಂತರ ಡಬಲ್ ಎಲಿಮಿನೇಶನ್, ಎರಡು ಸಲ ಸೋತವರು ಹೊರಗೆ. ಎಂಟು ತಂಡಗಳಿದ್ದರೆ ಒಟ್ಟು 14 ಅಥವಾ 15 ಪಂದ್ಯ. ಮೊದಲ ಪಂದ್ಯ ಸೋತ ತಂಡ ಚಾಂಪಿಯನ್ ಆಗಬೇಕಾದರೆ ಆ ಸೋಲೂ ಸೇರಿ 7 ಪಂದ್ಯ ಆಡಬೇಕು. ಹದಿನಾರು ತಂಡಗಳಾದರೆ 9. ನಮ್ಮಲ್ಲಿ ಹೆಚ್ಚಾಗಿ ಲೀಗ್ ಕಮ್ ನಾಕೌಟ್. ನಾಲ್ಕು ತಂಡಗಳ ಗುಂಪಿನಲ್ಲಿ 3 ಪಂದ್ಯ, ಆಮೇಲೆ ಕ್ವಾರ್ಟರ್, ಸೆಮಿ, ಫೈನಲ್, ಒಟ್ಟು 6. ಇಲ್ಲಿ ನಾಕೌಟ್‌ನಲ್ಲಿ ಒಂದು ಕೆಟ್ಟ ಇನಿಂಗ್ಸ್ ಬಂದರೆ ಮನೆಗೆ. ಆದ್ದರಿಂದ ಒಳ್ಳೆಯ ಪಿಚರ್‌ನ್ನು ಗುಂಪಿನ ದುರ್ಬಲ ತಂಡದ ಮೇಲೆ ಖರ್ಚುಮಾಡಬಾರದು.

ಇನಿಂಗ್ಸ್‌ಗೆ 15 ಎಸೆತ ಎಂದು ಹಿಡಿದರೂ ಏಳು ಇನಿಂಗ್ಸ್‌ಗೆ 105. ನಾಲ್ಕು ದಿನದಲ್ಲಿ ಆರು ಪಂದ್ಯ ಒಬ್ಬಳೇ ಎಸೆದರೆ 600 ದಾಟುತ್ತದೆ. ಕೈಕೆಳಗಿನ ಎಸೆತಕ್ಕೆ ನೋವಿಲ್ಲ ಎನ್ನುವ ನಂಬಿಕೆ ತಪ್ಪು. ಭುಜದ ಮುಂಭಾಗ ಮತ್ತು ಮುಂಗೈ ಎರಡೂ ಸೋಲುತ್ತವೆ. ಮೊದಲ ಗುರುತು ವೇಗ ಕಮ್ಮಿಯಾಗುವುದಲ್ಲ, ಚೆಂಡು ಮೇಲೆ ಮೇಲೆ ಹೋಗುವುದು, ಅಂದರೆ ಬಿಡುವ ಕ್ಷಣ ತಡವಾಗುತ್ತಿದೆ. ಸತತ ಮೂರು ಚೆಂಡು ಕ್ಯಾಚರ್‌ನ ತಲೆಯ ಮಟ್ಟಕ್ಕೆ ಬಂದರೆ ಬದಲಿಸಿ.

ಅಳತೆ. ಬೇಸ್‌ನಿಂದ ಬೇಸ್‌ಗೆ 18.29 ಮೀಟರ್, ಅಂದರೆ 60 ಅಡಿ. ಪಿಚಿಂಗ್ ದೂರ ದೊಡ್ಡ ಹುಡುಗಿಯರಿಗೆ 43 ಅಡಿ, 13.11 ಮೀಟರ್. ಅಮೆರಿಕದಲ್ಲಿ 12ರ ಗುಂಪಿಗೆ 40 ಅಡಿ, 14ರಿಂದ ಮೇಲೆ 43. ನಿಮ್ಮ 14ರ ಹುಡುಗಿಯರಿಗೆ ಕೂಟದ ಸುತ್ತೋಲೆಯಲ್ಲಿ ಯಾವ ದೂರ ಕೊಟ್ಟಿದ್ದಾರೆ ನೋಡಿಕೊಂಡು ಎರಡೂ ಕಡೆ ಗುರುತು ಹಾಕಿ ಅಭ್ಯಾಸ ಮಾಡಿಸಿ. ಗಂಟೆಗೆ 80 ಕಿಲೋಮೀಟರ್ ಚೆಂಡು 43 ಅಡಿಯಿಂದ ಬಂದರೆ, ಪಿಚರ್ ಮುಂದೆ ಇಡುವ ಹೆಜ್ಜೆ ಕಳೆದು, ಬ್ಯಾಟರ್‌ಗೆ ಸುಮಾರು ಅರ್ಧ ಸೆಕೆಂಡ್ ಸಿಗುತ್ತದೆ. ಟೆನಿಸ್ ಬಾಲ್ ಕ್ರಿಕೆಟ್ ಆಡಿದ ಹುಡುಗಿಯರು ಬ್ಯಾಟನ್ನು ಕೆಳಗಿಟ್ಟು ಎತ್ತುವುದರಲ್ಲೇ ಆ ಅರ್ಧ ಸೆಕೆಂಡ್ ಕಳೆಯುತ್ತಾರೆ.

ಗುರುತು ಹಾಕುವಾಗ ಹೋಮ್ ಪ್ಲೇಟಿನ ಹಿಂದಿನ ಚೂಪು ತುದಿಯಿಂದ ಅಳೆಯಿರಿ. ಅಲ್ಲಿಂದ ಎರಡನೇ ಬೇಸ್‌ನ ಮಧ್ಯಕ್ಕೆ 25.86 ಮೀಟರ್ ಬಂದರೆ ಚೌಕ ಸರಿಯಾಗಿದೆ. ಸ್ಟೀಲ್ ಟೇಪ್ ಬಳಸಿ, ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ. ನಮ್ಮ ಕಡೆಯ ಚಿರೆಕಲ್ಲಿನ ಕೆಂಪು ಮಣ್ಣಿನ ಮೈದಾನದಲ್ಲಿ ಹರಳು ಆರಿಸದೆ ಸ್ಲೈಡಿಂಗ್ ಕಲಿಸಬೇಡಿ, ತೊಡೆ ಕಿತ್ತು ಹೋಗುತ್ತದೆ. ಕಲಿಸಲು ಹುಲ್ಲಿನ ಮೇಲೆ ಒದ್ದೆ ತಾಡಪತ್ರಿ ಸಾಕು.

ಗುಂಪಿನಲ್ಲಿ ಮೂರು ತಂಡ ಸಮ ಬಂದರೆ ಏನು ಎನ್ನುವುದನ್ನು ಮ್ಯಾನೇಜರ್ಸ್ ಮೀಟಿಂಗ್‌ನಲ್ಲೇ ಕೇಳಿ. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ತಮ್ಮ ತಮ್ಮಲ್ಲಿನ ಫಲಿತಾಂಶದ ನಂತರ ಟಿಕ್ಯೂಬಿ (ಟೀಮ್ ಕ್ವಾಲಿಟಿ ಬ್ಯಾಲೆನ್ಸ್) ಲೆಕ್ಕ: ಹೊಡೆದ ರನ್ ಭಾಗಿಸು ಬ್ಯಾಟ್ ಮಾಡಿದ ಇನಿಂಗ್ಸ್, ಅದರಿಂದ ಕಳೆಯಿರಿ ಕೊಟ್ಟ ರನ್ ಭಾಗಿಸು ಫೀಲ್ಡ್ ಮಾಡಿದ ಇನಿಂಗ್ಸ್. 15 ಇನಿಂಗ್ಸ್‌ನಲ್ಲಿ 18 ಹೊಡೆದು, 17ರಲ್ಲಿ 9 ಕೊಟ್ಟರೆ 1.200 ಕಳೆದು 0.529, ಅಂದರೆ 0.671. ಅಮೆರಿಕದ ಹಲವು ಕೂಟಗಳಲ್ಲಿ ಕೊಟ್ಟ ರನ್ ಎಷ್ಟು ಕಮ್ಮಿ ಎನ್ನುವುದಷ್ಟೇ ಲೆಕ್ಕ. ಯಾವ ಲೆಕ್ಕವಾದರೂ, ಹತ್ತು ರನ್ ಮುಂದಿದ್ದೇವೆಂದು ಕೊನೆಯ ಇನಿಂಗ್ಸ್‌ನಲ್ಲಿ ಸಡಿಲಬಿಟ್ಟು ನಾಲ್ಕು ರನ್ ಕೊಟ್ಟವರು ಆಮೇಲೆ ಹೊರಗೆ ಕೂರುತ್ತಾರೆ. ಅಂತರ ಹೆಚ್ಚಾದರೆ ಪಂದ್ಯವನ್ನು ಬೇಗ ಮುಗಿಸುವ ಮರ್ಸಿ ನಿಯಮವೂ ಎಲ್ಲ ಕಡೆ ಒಂದೇ ಅಲ್ಲ. ಐದು ಇನಿಂಗ್ಸ್ ನಂತರ ಅಂತಾರಾಷ್ಟ್ರೀಯ ನಿಯಮದಲ್ಲಿ 7 ರನ್ ಅಂತರ, ಯುಎಸ್‌ಎ ಸಾಫ್ಟ್‌ಬಾಲ್‌ನಲ್ಲಿ 8. ಅಲ್ಲಿ ಗುಂಪಿನ ಪಂದ್ಯಗಳಿಗೆ ಗಡಿಯಾರದ ಮಿತಿಯೂ ಇರುತ್ತದೆ, ಆದ್ದರಿಂದ ಮೊದಲ ಎರಡು ಇನಿಂಗ್ಸ್‌ನ ರನ್‌ಗೆ ಬಹಳ ತೂಕ. ನಮ್ಮಲ್ಲಿ ಏಳು ಇನಿಂಗ್ಸ್ ಪೂರ್ತಿ ಆಡಿದರೆ ಎರಡನೇ ಪಿಚರ್ ಇಲ್ಲದ ತಂಡ ಐದನೆಯದರಲ್ಲಿ ಕುಸಿಯುತ್ತದೆ.

ಕುಮಟಾ_ಪಿಇಟಿ

ಎಲ್ಲರಿಗೂ ವಂದನೆ. ನನ್ನ ಕಷ್ಟ ಈಗ ಎರಡನೇ ಪಿಚರ್. ಮಳೆಗಾಲದಲ್ಲಿ ನಮಗಿರುವುದು ಒಂದು ಉದ್ದನೆಯ ಜಗಲಿ ಮತ್ತು ಪ್ರಾರ್ಥನಾ ಸಭಾಂಗಣ, ಉದ್ದ ಸುಮಾರು 15 ಮೀಟರ್. ಅದರಲ್ಲಿ ಏನು ಮಾಡಬಹುದು? ಮತ್ತೆ, 14ರವರನ್ನೂ 17ರವರನ್ನೂ ಎರಡೂ ದಾರಿಗೆ ಕಳಿಸುವುದೋ, ಬೇರೆ ಬೇರೆಯೋ?

ಶಿರಸಿ_ಡೈಮಂಡ್

15 ಮೀಟರ್ ಇದ್ದರೆ ನೀವು ಪುಣ್ಯವಂತರು ಅಕ್ಕೋರೆ, ಪೂರ್ತಿ ಪಿಚಿಂಗ್ ದೂರವೇ ಸಿಗುತ್ತದೆ. ಅಡಿಕೆ ಒಣಗಿಸುವ ದಪ್ಪ ತಾಡಪತ್ರಿಯನ್ನು ಗೋಡೆಯಿಂದ ಒಂದು ಮೀಟರ್ ಮುಂದೆ ಸಡಿಲವಾಗಿ ಇಳಿಬಿಡಿ. ಬಿಗಿಯಾಗಿ ಕಟ್ಟಿದರೆ ಚೆಂಡು ವಾಪಸು ಪುಟಿದು ಮುಖಕ್ಕೆ ಬರುತ್ತದೆ. ಅದರ ಮೇಲೆ ಬಿಳಿ ಬಣ್ಣದಲ್ಲಿ ಚೌಕ ಬರೆಯಿರಿ: ಅಗಲ 43 ಸೆಂಟಿಮೀಟರ್, ಅದು ಹೋಮ್ ಪ್ಲೇಟಿನ ಅಗಲ. ಎತ್ತರ ಬ್ಯಾಟಿಂಗ್‌ಗೆ ನಿಂತ ಹುಡುಗಿಯ ಮೊಣಕಾಲಿನಿಂದ ಕಂಕುಳವರೆಗೆ. ಚೌಕವನ್ನು ನಾಲ್ಕು ಭಾಗ ಮಾಡಿ.

ಹೊಸ ಪಿಚರ್‌ಗೆ ಮೊದಲ ಎರಡು ವಾರ 3 ಮೀಟರ್ ದೂರದಿಂದ ಮಣಿಕಟ್ಟಿನ ತಿರುವು ಮಾತ್ರ, ಕೈ ಸುತ್ತುವುದು ಬೇಡ. ಆಮೇಲೆ 6 ಮೀಟರ್‌ನಿಂದ ಅರ್ಧ ಸುತ್ತು. ನಾಲ್ಕನೇ ವಾರದಿಂದ ಕೈ ಪೂರ್ತಿ ಸುತ್ತುವ ವಿಂಡ್‌ಮಿಲ್, 9 ಮೀಟರ್. ನೇರವಾಗಿ ಪೂರ್ತಿ ದೂರದ ಪಿಚಿಂಗ್ ಪ್ಲೇಟಿನಿಂದ ಶುರುಮಾಡಿದ ಹುಡುಗಿ ದೂರ ಮುಟ್ಟಿಸಲು ಮೈ ಬಾಗಿಸುತ್ತಾಳೆ, ಹಿಂದಿನ ಕಾಲನ್ನು ಮತ್ತೆ ನೆಲಕ್ಕೂರಿ ತಳ್ಳುತ್ತಾಳೆ. ಅದು ಕ್ರೋ ಹಾಪ್, ಅಂಪೈರ್ ಇಲ್ಲೀಗಲ್ ಪಿಚ್ ಕೊಡುತ್ತಾರೆ. ಹತ್ತು ಎಸೆತದಲ್ಲಿ ಆರು ಚೌಕದೊಳಗೆ ಬಿದ್ದ ಮೇಲೆ ಮಾತ್ರ ದೂರ ಹೆಚ್ಚಿಸಿ. ದಿನಕ್ಕೆ 60 ಎಸೆತ, ವಾರಕ್ಕೆ ನಾಲ್ಕು ದಿನ. ಮಳೆಗಾಲದ ಹನ್ನೆರಡು ವಾರ ಹೀಗೆ ನಡೆದರೆ ಮೂರು ಇನಿಂಗ್ಸ್ ತಡೆದುಕೊಳ್ಳುವ ಹುಡುಗಿ ಸಿದ್ಧವಾಗುತ್ತಾಳೆ, ಮತ್ತು ನಿಮಗೆ ಬೇಕಾದದ್ದು ಅಷ್ಟೇ. ಚೇಂಜ್‌ಅಪ್ (ಮೋಸಗೊಳಿಸುವ ನಿಧಾನ ಎಸೆತ) ಒಂದನ್ನು ಕಲಿಸಿ. ರೈಸ್ ಬಾಲ್, ಕರ್ವ್ ಈಗ ಬೇಡ.

ಚರ್ಮದ ಚೆಂಡು ನೀರು ಕುಡಿದರೆ ಭಾರವಾಗುತ್ತದೆ, ಭುಜಕ್ಕೆ ಕೆಡುಕು. ಮಳೆಗಾಲಕ್ಕೆ ಸಿಂಥೆಟಿಕ್ ಹೊದಿಕೆಯದ್ದು ಬೇರೆ ಇಡಿ. ಗ್ಲೌಸ್‌ಗೆ ಬೂಷ್ಟು ಬರದಂತೆ ಒಳಗೆ ಹಳೆಯ ಪತ್ರಿಕೆ ತುರುಕಿ ಗಾಳಿಯಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಚರ್ಮ ಒಡೆಯುತ್ತದೆ.

ಜಗಲಿಯಲ್ಲಿ ನಿಯಮ ಕಲಿಸಿ. ಮೂರನೇ ಸ್ಟ್ರೈಕ್ ಕ್ಯಾಚರ್ ಕೈತಪ್ಪಿದಾಗ, ಮೊದಲ ಬೇಸ್ ಖಾಲಿ ಇದ್ದರೆ ಅಥವಾ ಎರಡು ಔಟ್ ಆಗಿದ್ದರೆ ಬ್ಯಾಟರ್ ಓಡಬಹುದು. ನಮ್ಮ ಮಕ್ಕಳು ಔಟ್ ಎಂದುಕೊಂಡು ತಲೆ ತಗ್ಗಿಸಿ ಡಗ್‌ಔಟ್‌ಗೆ ನಡೆಯುತ್ತಾರೆ. ಪಿಚರ್ ಕೈಯಿಂದ ಚೆಂಡು ಬಿಡುವ ಮೊದಲು ಬೇಸ್ ಬಿಟ್ಟರೆ ಔಟ್. ಓಡುವಾಗ ಬ್ಯಾಟ್ ಬಿಸಾಡದೆ ಕೆಳಗೆ ಬಿಡಬೇಕು, ಕ್ರಿಕೆಟ್‌ನ ಹಾಗೆ ಕೈಯಲ್ಲಿ ಹಿಡಿದು ಓಡುವ ಅಭ್ಯಾಸ ತಪ್ಪಿಸಲು ಒಂದು ತಿಂಗಳು ಬೇಕು.

ಸದಾಶಿವಗಡ_ಅಂಪೈರ್

ಎರಡನೇ ಪ್ರಶ್ನೆಗೆ ನನ್ನ ಮಾತು. 14ರವರನ್ನು ಈ ವರ್ಷ ಶಾಲಾ ದಾರಿಗೆ ಮಾತ್ರ ಬಿಡಿ. ಇಲಾಖೆಯ ಕೂಟವಾದ್ದರಿಂದ ಹಾಜರಾತಿ, ಓಓಡಿ (ಅನ್ಯ ಕರ್ತವ್ಯದ ಅನುಮತಿ), ಪ್ರಯಾಣ ಎಲ್ಲ ಕಾಗದದ ಮೇಲೆ ಸಲೀಸು, ಪಾಲಕರಿಗೂ ಧೈರ್ಯ. 17ರವರನ್ನು ಎರಡಕ್ಕೂ ಕಳಿಸಿ, ಆದರೆ ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ ಎರಡೂ ಆಯ್ಕೆ ಶಿಬಿರ ಬಿದ್ದರೆ ಒಂದು ತಿಂಗಳು ಪಾಠ ಹೋಗುತ್ತದೆ, ಅವರಿಗೆ ಒಂದನ್ನೇ ಆರಿಸಿ. ಮುಂದೆ ಫಾರ್ಮ್ 2 ಬೇಕೆನ್ನುವ ಹುಡುಗಿ ಪಿಯುಸಿಯಲ್ಲೂ ಜೂನಿಯರ್ ಆಡಬಹುದು, ಅವಸರವಿಲ್ಲ.

ಸಂಸ್ಥೆಯ ದಾರಿಗೆ ಜಿಲ್ಲಾ ತಂಡದ ಆಯ್ಕೆ ಯಾವಾಗ ಎಂದು ಆಗಸ್ಟ್‌ನಿಂದಲೇ ವಿಚಾರಿಸುತ್ತಿರಿ. ಶಿರಸಿ ಪಿಚರ್, ಕುಮಟಾ ಕ್ಯಾಚರ್ ಜೋಡಿಗೆ ಎರಡು ಭಾನುವಾರ ದೇವಿಮನೆ ಘಟ್ಟ ಹತ್ತಿಯಾದರೂ ಒಟ್ಟಿಗೆ ಅಭ್ಯಾಸ ಮಾಡಿಸಿ.

ಕೂಟ ಉತ್ತರ ಭಾರತದಲ್ಲಿ ಚಳಿಗಾಲದಲ್ಲಿ ಬಿದ್ದರೆ ಸಿದ್ಧತೆ ಬೇರೆ. ಕರಾವಳಿಯ ಮಕ್ಕಳಿಗೆ ಬೆಳಗಿನ ಎಂಟು ಗಂಟೆಯ ಪಂದ್ಯದಲ್ಲಿ ಬೆರಳು ಮರಗಟ್ಟುತ್ತದೆ, ಮೊದಲ ಇನಿಂಗ್ಸ್‌ನ ಥ್ರೋ ಎಲ್ಲೋ ಹೋಗುತ್ತದೆ. ವಾರ್ಮ್‌ಅಪ್ 20 ನಿಮಿಷದ ಬದಲು 40 ಇಟ್ಟುಕೊಳ್ಳಿ, ಪಿಚರ್‌ಗೆ ಪೂರ್ತಿ ತೋಳಿನ ಬನಿಯನ್. ರೈಲು ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ಒಂದು ಪಿಎನ್‌ಆರ್‌ನಲ್ಲಿ ಆರೇ ಮಂದಿ. ತಂಡ ಒಟ್ಟಿಗೆ ಕೂರಬೇಕಾದರೆ ನಿಲ್ದಾಣದಲ್ಲಿ ಮುಖ್ಯೋಪಾಧ್ಯಾಯರ ಪತ್ರ ಕೊಟ್ಟು ಗುಂಪು ಬುಕಿಂಗ್ ಕೇಳಬೇಕು. ದಿಲ್ಲಿ ಕಡೆಗೆ ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ನಿಲ್ಲುತ್ತದೆ, ಶಿರಸಿ ಕಡೆಯವರಿಗೆ ಹುಬ್ಬಳ್ಳಿಯೇ ಅನುಕೂಲ. ಬ್ಯಾಟುಗಳನ್ನು ಒಂದೇ ಉದ್ದನೆಯ ಚೀಲಕ್ಕೆ ಹಾಕಿ ಕೆಳ ಬರ್ತಿನ ಅಡಿಗೆ ತಳ್ಳಿ. ಕ್ಯಾಚರ್‌ನ ಹೆಲ್ಮೆಟ್, ಲೆಗ್ ಗಾರ್ಡ್ ಮಾತ್ರ ಅವಳ ಕೈಯಲ್ಲೇ ಇರಲಿ. ಉಳಿದದ್ದು ಕಳೆದರೆ ಬೇರೆ ತಂಡದಿಂದ ಕೇಳಿ ತರಬಹುದು, ಅವಳ ಅಳತೆಯ ಗಾರ್ಡ್ ಅಲ್ಲಿ ಸಿಗುವುದಿಲ್ಲ.

ಮತ್ತೆ ಮೂಲ ಜನನ ಪ್ರಮಾಣಪತ್ರ, ಜೆರಾಕ್ಸ್ ಮೂರು ಪ್ರತಿ, ಪಾಸ್‌ಪೋರ್ಟ್ ಅಳತೆಯ ಫೋಟೋ ಎಂಟು, ಪ್ರತಿ ಹುಡುಗಿಗೂ ಒಂದು ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ. ಫೋಲ್ಡರ್‌ಗಳೆಲ್ಲ ನಿಮ್ಮ ಕೈಚೀಲದಲ್ಲಿ, ಮಕ್ಕಳ ಬ್ಯಾಗಿನಲ್ಲಿ ಅಲ್ಲ.